ಪದ ಪರಿಚಯ: ಬಿಡಿಸು

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯಲ್ಲಿ ಬಳ್ಳಿಯಿಂದ ಶೇಂಗಾ ಬಿಡಿಸುತ್ತಾರೆ, ಹತ್ತಿ ಬಿಡಿಸುತ್ತಾರೆ, ಒಗಟನ್ನೂ ಬಿಡಿಸುತ್ತಾರೆ. ‘ಬಿಡು’ ಧಾತುವಿಗೆ ‘ಇಸು’ ಸೇರಿ ಆದ ಈ ಮಾತಿನ ತಿರುಳು, ಅಂಟಿಕೊಂಡದ್ದನ್ನು ಕೆಡಿಸದೆ ಬೇರ್ಪಡಿಸುವುದು. ಕಂಪೈಲ್ ಆದ ಪ್ರೋಗ್ರಾಮಿನ ಬೈಟ್‌ಗಳನ್ನು ಮತ್ತೆ ಓದಬಲ್ಲ ಆದೇಶಗಳಾಗಿಸುವ ಕೆಲಸಕ್ಕೂ ‘ಕೋಡ್ ಬಿಡಿಸು’ ಎನ್ನುವುದೇ ತಕ್ಕದ್ದು. ಹಳೆಯ ಡಾಸ್‌ನ ಡೀಬಗ್‌ನಲ್ಲಿ ‘ಯು’ ಎಂಬ ಆಜ್ಞೆ, ಲಿನಕ್ಸ್‌ನ ಆಬ್ಜ್‌ಡಂಪ್, 2019ರಲ್ಲಿ ಉಚಿತವಾಗಿ ಬಂದ ಗೀದ್ರಾ ಮಾಡುವುದು ಇದನ್ನೇ. 8086 ಚಿಪ್ಪಿನ ‘ಬಿ8 05 00’ ಎಂಬ ಮೂರು ಬೈಟ್‌ಗಳನ್ನು ಮೊದಲಿನಿಂದ ಬಿಡಿಸಿದರೆ ‘ಎಎಕ್ಸ್ ರಿಜಿಸ್ಟರ್‌ನಲ್ಲಿ 5 ಇಡು’ ಎಂದಾಗುತ್ತದೆ. ಒಂದು ಬೈಟ್ ತಪ್ಪಿ 05ರಿಂದ ಹಿಡಿದರೆ ಅದೇ ಕೂಡುವ ಆದೇಶವಾಗಿಬಿಡುತ್ತದೆ. ಸಂಧಿ ಬಿಡಿಸುವವರಿಗೆ ಈ ಎಚ್ಚರ ಹೊಸದಲ್ಲ.

ಬಿಡಿಸಿದರೆ ಮೂಲ ಪ್ರೋಗ್ರಾಮೇ ಕೈಗೆ ಬಂದೀತೆಂಬ ಭ್ರಮೆ ಹುಟ್ಟದೇ ಎಂದು ಕೇಳಬಹುದು. ಶೇಂಗಾ ಬಿಡಿಸಿದವರು ಬಳ್ಳಿ ಮತ್ತೆ ಚಿಗುರೀತೆಂದು ಕಾಯುವುದಿಲ್ಲ. ಇಲ್ಲಿಯೂ ಬರೆದವರ ಟಿಪ್ಪಣಿಗಳು ಹೋಗಿರುತ್ತವೆ, ಅವರಿಟ್ಟ ಹೆಸರುಗಳೂ ಬಹುಪಾಲು ಉಳಿದಿರುವುದಿಲ್ಲ. ಸಲಕರಣೆಗೆ ಡಿಸ್‌ಅಸೆಂಬ್ಲರ್ ಎಂಬ ಹೆಸರೇ ಇರಲಿ. ‘ಕೋಡ್ ಒಡೆಯುವುದು’ ಎಂದರೆ ಮಾತ್ರ ಬೀಗ ಮುರಿದ ವಾಸನೆ ಬರುತ್ತದೆ. ಸಾಫ್ಟ್‌ವೇರನ್ನು ಸಕ್ರಮವಾಗಿ ಪಡೆದವರು, ಬೇರೆಡೆ ಸುಲಭವಾಗಿ ಸಿಗದ ಮಾಹಿತಿಗಾಗಿ, ಅದನ್ನು ಇನ್ನೊಂದು ಪ್ರೋಗ್ರಾಮಿನೊಡನೆ ಹೊಂದಿಸಲು ಹೀಗೆ ಪರಿಶೀಲಿಸುವುದಕ್ಕೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಜಾಗ ಕೊಟ್ಟಿದೆ.