ಭ್ರೂಣದ ಕವಚಕ್ಕೊಂದು ಕಿಂಡಿ

ಐವಿಎಫ್‌ನಲ್ಲಿ ಭ್ರೂಣದ ಕವಚ ಕೊರೆಯುವ ವಿದ್ಯೆ ಶುರುವಾದದ್ದು ಭ್ರೂಣ ಹೊರಬರಲಿ ಎಂದಲ್ಲ, ವೀರ್ಯಾಣು ಒಳಹೋಗಲಿ ಎಂದು. 1986ರಲ್ಲಿ ನ್ಯೂಯಾರ್ಕಿನ ಜಾನ್ ಗಾರ್ಡನ್ ಮತ್ತು ಬೆತ್ ಟಲಾನ್ಸ್ಕಿ ಇಲಿಯ ಅಂಡದ ಕವಚವನ್ನು ಆಮ್ಲದಿಂದ ಕರಗಿಸಿ ತೂತು ಮಾಡಿದರು. ವೀರ್ಯಾಣು ಕಡಿಮೆಯಿರುವವರಿಗೆ ನೆರವಾಗಬೇಕೆಂಬುದು ಉದ್ದೇಶ. ಮನುಷ್ಯರ ಅಂಡದ ವಿಷಯದಲ್ಲಿ ಭ್ರೂಣತಜ್ಞ ಜಾಕ್ ಕೋಹೆನ್ ಅವರ ತಂಡ ಆಮ್ಲದ ಬದಲು ಗಾಜಿನ ಸೂಜಿಯಿಂದ ಕವಚ ಸೀಳಿತು. ಆಗ ಯಾರೂ ಎದುರುನೋಡದ ಸಂಗತಿಯೊಂದು ಕಂಡಿತು. ಸೀಳಿದ ಕವಚದ ಭ್ರೂಣಗಳು ಗರ್ಭಾಶಯದಲ್ಲಿ ಹೆಚ್ಚಾಗಿ ನೆಲೆಯೂರುತ್ತಿದ್ದವು. 1990ರಲ್ಲಿ ಕೋಹೆನ್ ಇದನ್ನು ಪ್ರಕಟಿಸಿದರು.

ಅಂಡವನ್ನೂ ಮುಂದೆ ಭ್ರೂಣವನ್ನೂ ಸುತ್ತಿರುವ ಆ ಕವಚ, ಅಂದರೆ ಜೋನಾ ಪೆಲುಸಿಡಾ, ಸುಮಾರು 15 ಮೈಕ್ರಾನ್ ದಪ್ಪ. ಐದಾರು ದಿನಕ್ಕೆ ಭ್ರೂಣ ಉಬ್ಬಿ, ಕವಚ ತೆಳುವಾಗಿ ಒಡೆದು, ಭ್ರೂಣ ಹೊರಬರಬೇಕು; ಇದೇ ಹ್ಯಾಚಿಂಗ್. ಬರದಿದ್ದರೆ ಗರ್ಭಾಶಯಕ್ಕೆ ಅಂಟಲಾರದು. 1992ರಲ್ಲಿ ಕೋಹೆನ್ ಮತ್ತು ಸಂಗಡಿಗರು ದಪ್ಪ ಕವಚದ, ನಿಧಾನವಾಗಿ ಬೆಳೆಯುವ ಭ್ರೂಣಗಳನ್ನಷ್ಟೇ ಆರಿಸಿ ಆಮ್ಲದಿಂದ ಕಿಂಡಿ ಕೊರೆದರು. ಎಲ್ಲ ಭ್ರೂಣಕ್ಕೂ ಬೇಡ, ಆರಿಸಿದವಕ್ಕೆ ಸಾಕು ಎಂಬ ಎಚ್ಚರ ಆಗಲೇ ಇತ್ತು.

ಬೆಂಗಳೂರಿನ ಲ್ಯಾಬೊಂದರಲ್ಲಿ ನಾನು ಈ ಕೆಲಸ ಕಲಿತಾಗ ಆಮ್ಲವೇ ಇತ್ತು. ಒಂದು ಪಿಪೆಟ್ ಭ್ರೂಣವನ್ನು ಹಿಡಿದಿರುತ್ತಿತ್ತು. ಇನ್ನೊಂದರಿಂದ ಆಮ್ಲವನ್ನು ಕವಚದ ಒಂದೇ ಜಾಗಕ್ಕೆ ಬಿಡಬೇಕು. ಕವಚ ಕರಗಿದ್ದು ಕಂಡ ಕೂಡಲೇ ನಿಲ್ಲಿಸಿ, ಭ್ರೂಣವನ್ನು ಶುದ್ಧ ದ್ರಾವಣದಲ್ಲಿ ತೊಳೆಯಬೇಕು. ತಡವಾದರೆ ಒಳಗಿನ ಕೋಶಕ್ಕೇ ಪೆಟ್ಟು. ಮುಂದೆ ಲೇಸರ್ ಬಂತು. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ರೂಪುಗೊಂಡ 1.48 ಮೈಕ್ರಾನ್ ತರಂಗಾಂತರದ ಲೇಸರ್, ಭ್ರೂಣವನ್ನು ಮುಟ್ಟದೆ ಮಿಲಿಸೆಕೆಂಡುಗಳಲ್ಲಿ ಕಿಂಡಿ ತೆರೆಯುತ್ತದೆ. ಕೆಲಸ ಸುಲಭವಾದಂತೆ, ಆರಿಸಿ ಮಾಡುವ ಎಚ್ಚರ ಸಡಿಲವಾಯಿತು.

"ಮೇಡಂ, ಲೇಸರ್ ಹ್ಯಾಚಿಂಗ್ ಮಾಡಿಸಿದ್ರೆ ಈ ಸಲ ನಿಲ್ಲುತ್ತಾ?" ಎಂದು ದಂಪತಿಗಳು ಕೇಳುತ್ತಾರೆ. ಖಂಡಿತ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇದರಿಂದ ಗರ್ಭಧಾರಣೆ ಹೆಚ್ಚುವುದು ಸಾಬೀತಾಗಿಲ್ಲ ಎಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ ಇದನ್ನು ಶಿಫಾರಸು ಮಾಡುವುದಿಲ್ಲ. ತಾಜಾ ಭ್ರೂಣ ವರ್ಗಾಯಿಸುವಾಗ ಎಲ್ಲರಿಗೂ ಮಾಡುವುದು ಬೇಡ ಎಂದು ಅಮೆರಿಕದ ಸಂತಾನೋತ್ಪತ್ತಿ ವೈದ್ಯಕೀಯ ಸಂಘವೂ 2022ರಲ್ಲಿ ಹೇಳಿತು. ಕಿಂಡಿಯ ಖಚಿತ ಉಪಯೋಗ ಇಂದು ಬೇರೆ ಕಡೆಯಿದೆ: ವಂಶವಾಹಿ ಪರೀಕ್ಷೆಗೆ ಭ್ರೂಣದ ಕೆಲವು ಕೋಶ ತೆಗೆಯಲು ಅದು ಬೇಕು.

ಮಗುವಿಗಾಗಿ ಒಡವೆ ಅಡವಿಟ್ಟು ಬಂದವರಿಗೆ ಈ ಇತಿಹಾಸವನ್ನು ಬಿಲ್ಲಿಗೆ ಮೊದಲೇ ಹೇಳಬೇಕು. ಯಾರಿಗಾಗಿ ಹುಟ್ಟಿದ ಚಿಕಿತ್ಸೆ, ಎಷ್ಟರಮಟ್ಟಿಗೆ ಸಾಬೀತಾಗಿದೆ ಎಂದು ತಿಳಿದ ಮೇಲೆ, ಬೇಕೋ ಬೇಡವೋ ಎಂಬ ತೀರ್ಮಾನ ಅವರದೇ ಆಗಿರಲಿ.