ರೆಮಿಂಗ್ಟನ್ 870
ರೆಮಿಂಗ್ಟನ್ 870 ಎಂಬುದು ಅಮೆರಿಕದ ರೆಮಿಂಗ್ಟನ್ ಆರ್ಮ್ಸ್ ಸಂಸ್ಥೆಯು 1950ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದ ಪಂಪ್-ಆಕ್ಷನ್ ಶಾಟ್‌ಗನ್. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆ ಎಳೆದಾಗ ಖಾಲಿ ತೋಟಾ ಹೊರಬೀಳುತ್ತದೆ; ಮುಂದಕ್ಕೆ ತಳ್ಳಿದಾಗ ಹೊಸ ತೋಟಾ ಚೇಂಬರನ್ನು ಸೇರುತ್ತದೆ. ಹಿಡಿಯನ್ನು ಬೋಲ್ಟಿನೊಂದಿಗೆ ಜೋಡಿಸುವ ಎರಡು ಉಕ್ಕಿನ ಪಟ್ಟಿಗಳು ಚಲನೆಯು ಓರೆಯಾಗದಂತೆ ತಡೆಯುತ್ತವೆ.

ಹೊಸ ಕೋವಿಯನ್ನು ಪಳಗಿಸುವುದು

ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಬಳಿದ ಎಣ್ಣೆಯನ್ನು ಮೊದಲ ಬಳಕೆಗೆ ಮುನ್ನ ಒರೆಸಿ ತೆಗೆಯಬೇಕು. ಆರಂಭದಲ್ಲಿ ಹಿಡಿಯು ಬಿಗಿಯಾಗಿರುವುದು ಸಹಜ. ಬಳಸಿದಂತೆ ಒಂದಕ್ಕೊಂದು ಉಜ್ಜುವ ಭಾಗಗಳು ನಯವಾಗುತ್ತವೆ. ಹಿಡಿಯನ್ನು ಅರ್ಧದಲ್ಲೇ ನಿಲ್ಲಿಸಿದರೆ ತೋಟಾ ಸಿಕ್ಕಿಕೊಳ್ಳಬಹುದಾದ್ದರಿಂದ ಅದನ್ನು ಪೂರ್ಣವಾಗಿ ಎಳೆದು ತಳ್ಳಬೇಕು.

ನಿರ್ವಹಣೆ

ಶುಚಿಗೊಳಿಸುವ ಮುನ್ನ ಚೇಂಬರ್ ಮತ್ತು ಮ್ಯಾಗಜೀನ್ ಕೊಳವೆಗಳೆರಡೂ ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ಹಿಡಿಯನ್ನು ಅರ್ಧ ಹಿಂದಕ್ಕೆ ಸರಿಸಿ, ಕೊಳವೆಯ ತುದಿಯ ಮುಚ್ಚಳವನ್ನು ತಿರುಗಿಸಿ ತೆಗೆದರೆ ನಳಿಗೆಯು ಬೇರ್ಪಡುತ್ತದೆ. ಅದನ್ನು ಚೇಂಬರಿನ ಕಡೆಯಿಂದ ಕುಂಚ ಮತ್ತು ಬಟ್ಟೆಯ ತುಣುಕುಗಳಿಂದ ಶುಚಿಗೊಳಿಸಲಾಗುತ್ತದೆ. ಚೇಂಬರಿನಲ್ಲಿ ತುಕ್ಕು ಅಥವಾ ಮಸಿ ಉಳಿದರೆ ಹಾರಿಸಿದ ತೋಟಾ ಅಂಟಿಕೊಂಡು ಸುಲಭವಾಗಿ ಹೊರಬರುವುದಿಲ್ಲ. ಎಣ್ಣೆಯನ್ನು ತೆಳುವಾಗಿ ಮಾತ್ರ ಲೇಪಿಸಬೇಕು. ಹೆಚ್ಚಾದರೆ ಅದು ಧೂಳು ಮತ್ತು ಮದ್ದಿನ ಮಸಿಯೊಡನೆ ಬೆರೆತು ಜಿಡ್ಡಾಗುತ್ತದೆ. ನಳಿಗೆಯೊಳಗೆ ಬಟ್ಟೆಯ ಚೂರು ಉಳಿದಿದ್ದರೆ ಗುಂಡು ಹಾರಿಸಿದಾಗ ನಳಿಗೆಯೇ ಸಿಡಿಯಬಹುದು. ಆದ್ದರಿಂದ ಮರುಜೋಡಣೆಗೆ ಮುನ್ನ ನಳಿಗೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವುದು ಅವಶ್ಯ.