ವಾಲ್ವ್ ಆಂಪ್ಲಿಫೈಯರಿನ ಕುಲಗೋತ್ರ

ರಾಜ್ಯೋತ್ಸವದ ಸಂಚಿಕೆಯಲ್ಲಿ ಅರಸರ ಶಾಸನಗಳೂ ಕವಿಗಳ ಚರಿತ್ರೆಯೂ ಬರುವುದು ವಾಡಿಕೆ. ಅವುಗಳ ನಡುವೆ ಗಿಟಾರಿನ ಆಂಪ್ಲಿಫೈಯರಿಗೇನು ಕೆಲಸವೆಂದು ಓದುಗರು ಕೇಳಿಯಾರು. ಕೆಲಸವಿದೆ. ಗಾಜಿನ ವಾಲ್ವುಗಳಿಂದ ನಡೆಯುತ್ತಿದ್ದ ಹಳೆಯ ಪೆಟ್ಟಿಗೆಗಳು ಮಾಜಿವಾಡಾದಿಂದ ಕಲ್ಯಾಣದವರೆಗಿನ ಮನೆಗಳ ಅಟ್ಟಗಳಲ್ಲಿಯೂ ಗುಜರಿ ಅಂಗಡಿಗಳಲ್ಲಿಯೂ ಇನ್ನೂ ಅಲ್ಲಲ್ಲಿ ಸಿಗುತ್ತವೆ. ತಕ್ಕಡಿಗೆ ಏರುವ ಮುನ್ನ ಅವುಗಳ ಕುಲಗೋತ್ರವನ್ನು ಕೇಳುವವರಿಲ್ಲ. ಕೇಳಿದರೆ, ಅವುಗಳಲ್ಲಿ ಕೆಲವು ಬೆಂಗಳೂರಿನ ಹೆಸರನ್ನು ಹೇಳುತ್ತವೆ.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎಂಬವರು ಎರಡು ಧ್ರುವಗಳ ವಾಲ್ವನ್ನು ಕಂಡುಹಿಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಧ್ರುವವನ್ನು ಸೇರಿಸಿದರು. ಅಲ್ಲಿಂದ ಸಣ್ಣ ಧ್ವನಿಯನ್ನು ದೊಡ್ಡದು ಮಾಡುವ ಹಾದಿ ತೆರೆಯಿತು. ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದ್ದೂ ಇಂಥ ವಾಲ್ವುಗಳ ಬಲದಿಂದಲೇ. ಅವರ ಮೊದಲಿನ ಯಂತ್ರದ ಶಕ್ತಿ 30 ವ್ಯಾಟ್ ಮಾತ್ರ.

ಆದರೆ ಆ ಕಾಲದಲ್ಲಿ ವಾಲ್ವ್ ಹೊರದೇಶದ ಸರಕು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1956ರಲ್ಲಿ, ಎಂದರೆ ಕನ್ನಡ ನಾಡು ಒಂದಾದ ವರ್ಷದಲ್ಲಿಯೇ, ಸಂಪರ್ಕ ಸಾಧನಗಳ ತಯಾರಿಕೆಯನ್ನು ಆರಂಭಿಸಿತು. 1961ರಲ್ಲಿ ಅದರ ಜಾಲಹಳ್ಳಿಯ ಕಾರ್ಖಾನೆಯಿಂದ ರೇಡಿಯೋ ವಾಲ್ವುಗಳು ಹೊರಬಂದವು. ಹಾಲೆಂಡಿನ ಫಿಲಿಪ್ಸ್ ಕಂಪೆನಿಯ ವಿಧಾನವನ್ನು ಕಲಿತು ನಮ್ಮವರ ಕೈಗಳು ಅವನ್ನು ಮಾಡಿದವು. ನಾವು ಇಂದು ನೆಲೆಸಿರುವ ಠಾಣೆಗೂ ರೇಡಿಯೋ ಯುಗದ ಕಥೆಯಲ್ಲಿ ಪಾಲುಂಟು: ಮರ್ಫಿ ರೇಡಿಯೋ ಕಾರ್ಖಾನೆ ಇಲ್ಲಿತ್ತು.

ರೇಡಿಯೋದಿಂದ ಗಿಟಾರಿಗೆ ಹೇಗೆ ಬಂದಿರಿ ಎನ್ನುವಿರೋ? ರೇಡಿಯೋದ ಕೊನೆಯ ಹಂತಕ್ಕೂ ಗಿಟಾರಿನ ಆಂಪ್ಲಿಫೈಯರಿಗೂ ಬೇಕಾದ ವಾಲ್ವುಗಳು ಬಹುಮಟ್ಟಿಗೆ ಒಂದೇ. 1957ರ ವಿದೇಶಿ ವಿನಿಮಯದ ಮುಗ್ಗಟ್ಟಿನ ಬಳಿಕ ಆಮದಿನ ಕಟ್ಟು ಬಿಗಿಯಾಯಿತು. ಆದುದರಿಂದ ವಿಲಾಯಿತಿಯ ಗಿಟಾರ್ ಆಂಪ್ಲಿಫೈಯರು ನಮ್ಮಲ್ಲಿ ಅಪರೂಪದ ವಸ್ತು. ವಾದಕರು ಸಭೆಯ ಧ್ವನಿವರ್ಧಕಕ್ಕೋ, ರೇಡಿಯೋದ ಹಿಂದಿನ ಗ್ರಾಮಾಫೋನ್ ತೂತಿಗೋ ಗಿಟಾರಿನ ತಂತಿಯನ್ನು ಸಿಕ್ಕಿಸುತ್ತಿದ್ದರು; ಇಲ್ಲವೆ ಬಲ್ಲ ಕುಶಲಿಯಿಂದ ಒಂದನ್ನು ಕಟ್ಟಿಸುತ್ತಿದ್ದರು. ಹಾಗೆ ಕಟ್ಟಿದ್ದಕ್ಕೆ ಹೆಸರಿನ ಫಲಕವಿಲ್ಲ. ಅದನ್ನು ಗುರುತಿಸುವುದೇ ಕಷ್ಟ.

ಕಷ್ಟವಾದರೂ ಅಸಾಧ್ಯವಲ್ಲ. ಮೊದಲನೆಯ ನಿಯಮ: ಮುಂದಿನ ಹೆಸರನ್ನು ನಂಬಬಾರದು. ಪೆಟ್ಟಿಗೆಯ ಬಟ್ಟೆ, ಗುಬ್ಬಿ, ಫಲಕಗಳನ್ನು ಯಾರು ಬೇಕಾದರೂ ಬದಲಿಸಬಹುದು. ಒಳಗಿನ ತಗಡನ್ನು ನೋಡಬೇಕು. ಬೆಸುಗೆ ಒಂದೇ ಕೈಯದೋ, ಹೊಸ ತೂತುಗಳಿವೆಯೋ, ಪರೀಕ್ಷಿಸಬೇಕು.

ಎರಡನೆಯದು ವಾಲ್ವಿನ ಹೆಸರು. ಇ.ಎಲ್. 84 ಎಂದಿದ್ದರೆ 'ಇ' ಎಂಬುದು 6.3 ವೋಲ್ಟಿನ ಕಾಯುವ ತಂತಿಯನ್ನು ಸೂಚಿಸುತ್ತದೆ. 'ಎಲ್' ಎಂದರೆ ಶಕ್ತಿಯನ್ನು ಹೊರಗೆ ಕೊಡುವ ಪೆಂಟೋಡ್. 8ರಿಂದ ಆರಂಭವಾಗುವ ಅಂಕೆ ಒಂಬತ್ತು ಕಡ್ಡಿಗಳ ಬುಡವನ್ನು ಹೇಳುತ್ತದೆ. ಇ.ಎಲ್. 34ರಲ್ಲಿ ಬುಡ ಬೇರೆ. ಅದು ಎಂಟು ಕಡ್ಡಿಗಳದು. ಇ.ಸಿ.ಸಿ. 83ನ್ನೇ ಅಮೆರಿಕದವರು 12ಎ.ಎಕ್ಸ್.7 ಎನ್ನುತ್ತಾರೆ. ಬೀಟಲ್ಸ್ ತಂಡ ನುಡಿಸಿದ ವಾಕ್ಸ್ ಎ.ಸಿ. 30 ಪೆಟ್ಟಿಗೆಯ ಪ್ರಸಿದ್ಧ ರೂಪದಲ್ಲಿ ನಾಲ್ಕು ಇ.ಎಲ್. 84 ವಾಲ್ವುಗಳಿದ್ದವು. ಅದೇ ಇ.ಎಲ್. 84 ನಮ್ಮ ಬೆಂಗಳೂರಿನಲ್ಲಿಯೂ ತಯಾರಾಯಿತು. ಆದರೆ ವಾಲ್ವ್ ಸವೆದಾಗ ಬದಲಿಸುವ ವಸ್ತು. ಆದ್ದರಿಂದ ಬೆಂಗಳೂರಿನ ವಾಲ್ವ್ ಕಂಡ ಮಾತ್ರಕ್ಕೆ ಪೆಟ್ಟಿಗೆಯೂ ಇಲ್ಲಿಯದೆಂದು ಹೇಳಲಾಗದು.

ಮೂರನೆಯದು ಟ್ರಾನ್ಸ್‌ಫಾರ್ಮರ್. ಇದು ಭಾರವಾದದ್ದು, ಸುಲಭವಾಗಿ ಬದಲಾಗದು. ಹಾಗಾಗಿ ಇದರ ಸಾಕ್ಷಿಗೆ ತೂಕ ಹೆಚ್ಚು. ಅಮೆರಿಕದ ಪೆಟ್ಟಿಗೆಯಾದರೆ ಇದರ ಮೇಲೆ 606543 ಎಂಬಂಥ ಅಂಕೆ ಇದ್ದೀತು. 606 ಎಂಬುದು ತಯಾರಕರಾದ ಶೂಮಾಕರ್ ಕಂಪೆನಿಯ ಸಂಕೇತ; 5 ವರ್ಷದ ಕೊನೆಯ ಅಂಕೆ; 43 ಆ ವರ್ಷದ ವಾರ. 5 ಎಂದರೆ 1955ಕ್ಕೂ ಸಲ್ಲುತ್ತದೆ, 1965ಕ್ಕೂ ಸಲ್ಲುತ್ತದೆ. ದಶಕವನ್ನು ಬೇರೆ ಸಾಕ್ಷಿಗಳಿಂದ ನಿರ್ಧರಿಸಬೇಕು. ಹಿಂಬದಿಯಲ್ಲಿ 100 ವೋಲ್ಟಿನ ಲೈನಿನ ತಿರುಪುಗಳಿದ್ದರೆ ಅದು ಸಭೆಗಾಗಿ ಮಾಡಿದ್ದು. ದೂರದೂರದ ಹಲವು ಸ್ಪೀಕರುಗಳಿಗೆ ತಂತಿ ಎಳೆಯಲು ಆ ಏರ್ಪಾಡು. ಸ್ಪೀಕರು ಅದೇ ಪೆಟ್ಟಿಗೆಯಲ್ಲಿದ್ದು, ಧ್ವನಿಯನ್ನು ಅಲೆಅಲೆಯಾಗಿ ನಡುಗಿಸುವ 'ಟ್ರೆಮೊಲೊ' ಗುಬ್ಬಿಯೂ ಇದ್ದರೆ ಅದು ಗಿಟಾರಿನದೇ ಎನ್ನಲು ಬಲವಾದ ಕಾರಣವುಂಟು.

ನಾಲ್ಕನೆಯದು ಕಾಗದ. ಲೆಕ್ಕಪತ್ರದಲ್ಲಿ ದಿನಗಳೆಯುವ ನಮ್ಮಂಥವರಿಗೆ ಇದು ಪ್ರಿಯವಾದ ಸಾಕ್ಷಿ. ರಸೀದಿಯಲ್ಲಿ ಆಣೆ-ಪೈಗಳಿದ್ದರೆ ಅದು ದಶಮಾಂಶ ನಾಣ್ಯ ಬಂದ 1957ರ ಹಿಂದಿನದು, ಇಲ್ಲವೆ ಅದರ ಆಸುಪಾಸಿನದು. 'ನಯಾ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವಿನದೆಂದು ಊಹಿಸಬಹುದು. ವಿಳಾಸದಲ್ಲಿ ಆರು ಅಂಕೆಗಳ ಪಿನ್‌ಕೋಡ್ ಇದ್ದರೆ 1972ರ ಈಚಿನದು. 'ಮೈಸೂರು ರಾಜ್ಯ' ಎಂದಿದ್ದರೆ, ನಾಡಿಗೆ ಕರ್ನಾಟಕವೆಂದು ಹೆಸರಾದ 1973ರ ನವೆಂಬರಿಗೆ ಮುಂಚಿನದಾಗಿರುವ ಸಂಭವ ಹೆಚ್ಚು. ಒಂದೇ ಸಾಕ್ಷಿ ಸಾಲದು. ಗಾಜು, ತಗಡು, ಕಾಗದ ಮೂರೂ ಒಂದೇ ಮಾತನ್ನು ಹೇಳಿದರೆ ತೀರ್ಪು ಕೊಡಬಹುದು.

ಒಂದು ಎಚ್ಚರಿಕೆ. ಇಂಥ ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ. ಪ್ಲಗ್ಗು ಕಿತ್ತ ಮೇಲೆಯೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಕುತೂಹಲವೆಂದು ಕೈಹಾಕಿದರೆ ಪ್ರಾಣಕ್ಕೆ ಅಪಾಯ. ಬಲ್ಲವರಿಂದಲೇ ತೆರೆಸಬೇಕು. ಹೊರಗಿನಿಂದ ವಾಲ್ವಿನ ಕನ್ನಡಿಯಂಥ ಬೆಳ್ಳಿಬಣ್ಣದ ಲೇಪವನ್ನು ನೋಡಬಹುದು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಸೇರಿದೆ, ವಾಲ್ವ್ ಸತ್ತಿದೆ ಎಂದು ತಿಳಿಯಬೇಕು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿಯೂ ನಿಜವಾಗಿದೆ. ಜಾಲಹಳ್ಳಿಯ ವಾಲ್ವುಗಳನ್ನು ಇಂದು ಹೊರದೇಶದ ಗಿಟಾರು ಪ್ರಿಯರು ಹುಡುಕಿ ಕೊಳ್ಳುತ್ತಾರೆ. ನಾವು ಅವನ್ನು ಗುಜರಿಗೆ ತೂಗುತ್ತೇವೆ. ವಾಲ್ವನ್ನು ಮಾಡಿದ ಕೈಗಳ ಹೆಸರು ಗಾಜಿನ ಮೇಲಿಲ್ಲ. ಅಲ್ಲಿರುವುದು ಸಂಸ್ಥೆಯ ಮೂರು ಅಕ್ಷರಗಳು ಮಾತ್ರ. ಆ ಅಕ್ಷರಗಳೂ ಬೆರಳ ಉಜ್ಜಿಗೆ ಅಳಿಸಿಹೋಗುವಂಥವು. ಶಿಲೆಯಲ್ಲಿ ಕೊರೆದದ್ದನ್ನು ಓದಲು ನಮ್ಮಲ್ಲಿ ವಿದ್ವಾಂಸರಿದ್ದಾರೆ. ಗಾಜಿನ ಮೇಲೆ ಬರೆದದ್ದನ್ನು ಓದುವ ಕೆಲಸ ನಮ್ಮ ನಿಮ್ಮಂಥ ಸಾಮಾನ್ಯರಿಗೆ ಉಳಿದಿದೆ. ಅಟ್ಟದ ಪೆಟ್ಟಿಗೆಯನ್ನು ಮಾರುವ ಮುನ್ನ ಅದರ ಗುರುತುಗಳನ್ನು ಒಂದು ಹಾಳೆಯಲ್ಲಿ ಬರೆದಿಡೋಣ. ಅದೂ ನಾಡಿನ ಚರಿತ್ರೆಗೆ ಸಲ್ಲುವ ಸೇವೆಯೇ.